ಫಾದರ್ಸ್ ಅಂಡ್ ಸನ್ಸ್

ಶಿಷ್ಯನಿಂದ ಸೋಲನ್ನು ಬಯಸುವವನೇ ನಿಜವಾದ ಗುರುವೆಂದು ಹಿರಿಯರು ಹೇಳುವರು. ಆದರೆ ಶಿಷ್ಯರ ಕೀರ್ತಿಯು ಗುರುವಿನದನ್ನು ಮೀರಿ ಹಬ್ಬಿದಾಗ, ಗುರುಋಣವು ತೀರುವುದು ಹೇಗೆ? 1969ರಲ್ಲಿ ಶಿಕಾಗೋ ನಗರದ ಚೆಸ್ ಸಂಸ್ಥೆಯು ಹೊರತಂದ ‘ಫಾದರ್ಸ್ ಅಂಡ್ ಸನ್ಸ್’, ಎಂದರೆ ‘ತಂದೆಗಳೂ ಮಕ್ಕಳೂ’, ಎಂಬ ಜೋಡಿ ಧ್ವನಿಮುದ್ರಿಕೆಯು ಈ ಪ್ರಶ್ನೆಗೆ ಗಾನರೂಪದ ಉತ್ತರವಾಗಿದೆ.

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಸೀಮೆಯಲ್ಲಿ ಆಫ್ರಿಕಾಮೂಲದ ಜನರು ದಾಸ್ಯದ ತರುವಾಯವೂ ತಪ್ಪದ ದೈನ್ಯದ ನಡುವೆ ಕಟ್ಟಿಕೊಂಡ ಹಾಡು. ಒಂದು ಸಾಲನ್ನು ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು ಅದರ ಸಾಮಾನ್ಯ ಬಂಧ. ಮಿಸಿಸಿಪ್ಪಿಯ ಹೊಲಗಳಲ್ಲಿ ದುಡಿದು 1943ರಲ್ಲಿ ಶಿಕಾಗೋ ಸೇರಿದ ಮಡ್ಡಿ ವಾಟರ್ಸರು ಈ ಹಾಡಿಗೆ ವಿದ್ಯುತ್ ಗಿಟಾರಿನ ಕಂಠವನ್ನು ಕೊಟ್ಟರು. ಅವರೂ ಪಿಯಾನೊ ವಾದಕ ಓಟಿಸ್ ಸ್ಪ್ಯಾನರೂ ಇಲ್ಲಿ ತಂದೆಗಳು. ಆ ನಗರದ ಪಾನಗೃಹಗಳಲ್ಲಿ ಇಂತಹ ಹಿರಿಯರನ್ನು ಹುಡುಕಿಕೊಂಡು ಹೋಗಿ, ಕಿವಿಯಿಂದಲೇ ವಿದ್ಯೆಯನ್ನು ಪಡೆದ ಬಿಳಿಯ ತರುಣರಾದ ಪಾಲ್ ಬಟರ್‌ಫೀಲ್ಡ್, ಮೈಕ್ ಬ್ಲೂಮ್‌ಫೀಲ್ಡ್ ಎಂಬವರು ಮಕ್ಕಳು. ಮೊದಲನೆಯವರದು ಹಾರ್ಮೋನಿಕಾ, ಎರಡನೆಯವರದು ಗಿಟಾರು.

ಹಿಂದಿನ ವರ್ಷದ ‘ಎಲೆಕ್ಟ್ರಿಕ್ ಮಡ್’ ಎಂಬ ಮುದ್ರಿಕೆಯು ತರುಣರ ವೇಷವನ್ನು ಹಿರಿಯರಿಗೆ ತೊಡಿಸಿತ್ತು. ವಾಟರ್ಸರಿಗೇ ಅದು ರುಚಿಸಲಿಲ್ಲ. ಇಲ್ಲಿಯಾದರೋ ತರುಣರೇ ಹಿರಿಯರ ಮನೆಗೆ ಬಂದಿದ್ದಾರೆ. ಔಚಿತ್ಯವು ಮರಳಿ ನೆಲೆಗೊಂಡಿದೆ.

ಮೊದಲನೆಯ ತಟ್ಟೆಯು ಏಪ್ರಿಲ್ ತಿಂಗಳಿನಲ್ಲಿ ಮುದ್ರಣಶಾಲೆಯೊಳಗೆ ಹಾಡಿದ್ದು. ಎರಡನೆಯದು ಅದರ ಬೆನ್ನಿಗೇ, 24ರಂದು, ಆಡಿಟೋರಿಯಂ ಥಿಯೇಟರಿನ ತುಂಬಿದ ಸಭೆಯಲ್ಲಿ ಹಾಡಿದ್ದು. ಮುದ್ರಣಶಾಲೆಯಲ್ಲಿ ಸಂಯಮವೇ ಪ್ರಧಾನ ಗುಣ. ‘ಆಲ್ ಅಬೋರ್ಡ್’ ಎಂಬ ಹಾಡಿನಲ್ಲಿ ಹಾರ್ಮೋನಿಕಾ ರೈಲಿನ ಕೂಗನ್ನೂ ಓಟವನ್ನೂ ಕಣ್ಣಿಗೆ ಕಟ್ಟಿಸುತ್ತದೆ. ಆದರೂ ಗಾಯಕನ ಮಾತನ್ನು ಎಲ್ಲಿಯೂ ಮುಚ್ಚುವುದಿಲ್ಲ. ತನಗೆ ತಿಳಿದುದನ್ನೆಲ್ಲ ಒಮ್ಮೆಗೇ ನುಡಿಸದಿರುವುದು ಯೌವನಕ್ಕೆ ಸುಲಭವಲ್ಲ. ಬ್ಲೂಮ್‌ಫೀಲ್ಡರ ಮೌನದಲ್ಲಿಯೂ ಶಿಷ್ಯತ್ವವು ತೋರುತ್ತದೆ.

ಸಭೆಯಲ್ಲಿ ರಸದ ಗತಿಯೇ ಬೇರೆ. 1951ರಷ್ಟು ಹಿಂದೆಯೇ ಹಾಡಿದ್ದ ‘ಲಾಂಗ್ ಡಿಸ್ಟೆನ್ಸ್ ಕಾಲ್’, ‘ಹನಿ ಬೀ’ ಎಂಬ ವಿಳಂಬಗತಿಯ ಹಾಡುಗಳಲ್ಲಿ ವಾಟರ್ಸರು ಒಂದೊಂದು ಸ್ವರವನ್ನೂ ಜಾರಿಸಿ ಎಳೆಯುವಾಗ, ಸಹೃದಯರ ಪ್ರತಿಧ್ವನಿಯು ಹಾಡಿನ ಅಂಗವೇ ಆಗಿಬಿಡುತ್ತದೆ. ಕೊನೆಗೆ ವಶೀಕರಣದ ತಾಯಿತವನ್ನು ಕುರಿತ ‘ಗಾಟ್ ಮೈ ಮೋಜೋ ವರ್ಕಿಂಗ್’. ಜನರ ಉತ್ಸಾಹ ತಣಿಯದೆ ಅದನ್ನು ಮತ್ತೊಮ್ಮೆ ಹಾಡಬೇಕಾಯಿತು. ಸಭೆಯಲ್ಲಿ ಅದು ಉತ್ಸವ. ಮನೆಯಲ್ಲಿ ಕುಳಿತು ಕೇಳುವವನಿಗೆ ಪುನರುಕ್ತಿ. ಈ ಮುದ್ರಿಕೆಯಲ್ಲಿ ದೋಷವೆನ್ನಬಹುದಾದುದು ಇದೊಂದೇ. ಆದರೂ ಎರಡು ತಟ್ಟೆಗಳು ಒಂದಕ್ಕೊಂದು ಪೂರಕ: ಮೊದಲನೆಯದಿಲ್ಲದೆ ಶಿಸ್ತಿನ ಅರಿವಾಗದು, ಎರಡನೆಯದಿಲ್ಲದೆ ಆ ಶಿಸ್ತು ಯಾವುದಕ್ಕಾಗಿ ಎಂಬುದು ತಿಳಿಯದು.

ಅಮೆರಿಕದ ಜನಪ್ರಿಯ ಮುದ್ರಿಕೆಗಳ ಪಟ್ಟಿಯಲ್ಲಿ ಇದು 70ನೆಯ ಸ್ಥಾನಕ್ಕೇರಿತು. ಐವತ್ತು ದಾಟಿದ ಹಿರಿಯನು ತನ್ನ ನಾಡಿನ ಬಹುಜನರನ್ನು ಮುಟ್ಟಲು ಬಿಳಿಯ ಮಕ್ಕಳ ಕೈ ಹಿಡಿಯಬೇಕಾಯಿತೆಂಬುದು ಆ ನಾಡಿಗೆ ಗೌರವದ ಮಾತಲ್ಲ. ಆದರೆ ಆ ಲೋಪವು ಮಕ್ಕಳದಲ್ಲ. ಸ್ಪ್ಯಾನರು 1970ರಲ್ಲಿಯೇ ತೀರಿಕೊಂಡರು; ಬ್ಲೂಮ್‌ಫೀಲ್ಡರು 1981ರಲ್ಲಿ, ಗುರುವಿಗಿಂತ ಎರಡು ವರ್ಷ ಮೊದಲೇ, ಅಗಲಿದರು. ಋಣವನ್ನು ತೀರಿಸಲು ಕಾಲವು ಅವರಿಗೆ ಕೊಟ್ಟ ಅವಕಾಶ ಕಿರಿದು. ಆ ಕಿರಿದಾದ ಅವಕಾಶದಲ್ಲಿ ಅವರು ತಂದೆಯ ಮುಂದೆ ನಿಲ್ಲದೆ ಪಕ್ಕದಲ್ಲಿ ನಿಂತರು. ಗುರುದಕ್ಷಿಣೆಯೆಂಬುದು ಇದೇ.