ದ್ರುತಕ್ಕೆ ಒದಗುವ ತೋಳು

ನಮ್ಮ ಹಾವೇರಿ ಸೀಮೆಯ ಕಣದಲ್ಲಿ ಒಕ್ಕಣೆಗೆ ಎತ್ತುಗಳ ಹಂತಿ ಕಟ್ಟಿದ್ದನ್ನು ಕಂಡವರಿಗೆ ಗ್ರಾಮಫೋನ್ ಪ್ಲೇಟಿನ ಸಂಕಟ ಬೇಗ ತಿಳಿಯುತ್ತದೆ. ಕಣದ ನಡುವಿನ ಮೇಟಿಯ ಪಕ್ಕದ ಎತ್ತು ನಿಂತಲ್ಲೇ ಹೆಜ್ಜೆ ಎತ್ತಿಡುತ್ತದೆ. ಅಷ್ಟೇ ಹೊತ್ತಿನಲ್ಲಿ ಹೊರಗಿನದು ಇಡೀ ಕಣ ಸುತ್ತಬೇಕು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರಗಿನ ಗೆರೆ ಮುಳ್ಳಿನಡಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಸರಿಯುತ್ತದೆ. ಒಳಗಿನ ಕೊನೆಯ ಗೆರೆಗೆ ಬಂದಾಗ ಅದು ಸುಮಾರು 21 ಸೆಂಟಿಮೀಟರಿಗೆ ಇಳಿದಿರುತ್ತದೆ. ನಾದ ಅಲ್ಲಿ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿ ಕೂತಿರುತ್ತದೆ.

ಹಿಂದೂಸ್ತಾನಿ ಖಯಾಲಿಗೆ ಇದು ದೊಡ್ಡ ಪೆಟ್ಟು. ಮೊದಲು ಬರುವ ನಿಧಾನದ ವಿಲಂಬಿತಕ್ಕೆ ವಿಶಾಲವಾದ ಹೊರಗೆರೆ ಸಿಗುತ್ತದೆ, ಕೊನೆಗೆ ತಾನುಗಳು ಒತ್ತೊತ್ತಾಗಿ ಬರುವ ದ್ರುತಕ್ಕೆ ಇಕ್ಕಟ್ಟಿನ ಒಳಗೆರೆ. ಮುಳ್ಳನ್ನು ಹೊತ್ತ ತೋಳನ್ನು ಹೊಂದಿಸುವ ರೂಢಿಯ ಬಗ್ಗೆ ನನ್ನ ತಕರಾರು ಹುಟ್ಟಿದ್ದು ಇಲ್ಲಿ.

ಪ್ಲೇಟು ಕೊರೆಯುವ ಯಂತ್ರ ಅಂಚಿನಿಂದ ನಡುವಿಗೆ ನೇರವಾಗಿ ಸರಿಯುತ್ತದೆ. ನಮ್ಮ ತೋಳು ಒಂದು ತುದಿಯಲ್ಲಿ ಕೀಲಿಗೆ ಸಿಕ್ಕಿಕೊಂಡು ಬಾಗಿಲಿನಂತೆ ತಿರುಗುತ್ತದೆ. ಹೀಗಾಗಿ ಎಷ್ಟೇ ಚೆನ್ನಾಗಿ ಕೂರಿಸಿದರೂ ಎರಡೇ ಕಡೆ ಮುಳ್ಳು ಗೆರೆಗೆ ಸರಿಯಾದ ಕೋನದಲ್ಲಿರುತ್ತದೆ. ಆ ಎರಡು ಜಾಗ ಎಲ್ಲಿರಬೇಕೆಂದು ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್ 1938ರಲ್ಲಿ, ಬೇರ್‌ವಾಲ್ಡ್ 1941ರಲ್ಲಿ ಲೆಕ್ಕ ಹಾಕಿದರು. ಇವತ್ತು ಬಹುಪಾಲು ಕೇಳುಗರು ಕಣ್ಣುಮುಚ್ಚಿ ಅನುಸರಿಸುವುದು ಇದನ್ನೇ: ನಡುವಿನಿಂದ 66 ಮತ್ತು 120.9 ಮಿಲಿಮೀಟರ್. ಲೆಕ್ಕವೇನೋ ಸೊಗಸಾದದ್ದು. ಕೋನ ತಪ್ಪುವುದರಿಂದ ನಾದಕ್ಕೆ ಬರುವ ವಿಕೃತಿಯನ್ನು ಅದು ಮೂರು ಸಮನಾದ ಶಿಖರಗಳಿಗೆ ಹಂಚುತ್ತದೆ. ಆದರೆ ಆ ಮೂರರಲ್ಲಿ ಒಂದು ಶಿಖರ ನಿಲ್ಲುವುದು ಕಟ್ಟಕಡೆಯ ಗೆರೆಯ ಮೇಲೆ! ನ್ಯಾಯವಾಗಿ ಹಂಚಿದಂತೆ ಕಂಡರೂ ದ್ರುತದ ಪಾಲಿಗೆ ಇದು ಅನ್ಯಾಯ.

1966ರಲ್ಲಿ ಸ್ಟೀವನ್‌ಸನ್ ಸೂಚಿಸಿದ ದಾರಿ ಬೇರೆ. ಸರಿಕೋನದ ಒಂದು ಜಾಗವನ್ನು ಆತ ಕೊನೆಯ ಗೆರೆಗೇ, 60.3 ಮಿಲಿಮೀಟರಿಗೆ, ತಂದಿಟ್ಟ, ಇನ್ನೊಂದು 117.4ರಲ್ಲಿ. ಬೆಲೆಯನ್ನು ತೆರುವುದು ಹೊರ ಅಂಚು ಮತ್ತು ನಡುಭಾಗ. ಸರಾಸರಿ ನೋಡುವವರು ಇದನ್ನು ಹಿಂದೆ ತಳ್ಳುತ್ತಾರೆ. ಹಾಡಿಗೆ ಸರಾಸರಿ ಯಾಕೆ ಬೇಕು? ಟೆಕ್ನಿಕ್ಸ್ ಎಸ್‌ಎಲ್-1200 ಪ್ಲೇಯರಿನಲ್ಲಿ ಕಂಪನಿ ಹೇಳುವಂತೆ ಮುಳ್ಳು ನಡುಗೂಟವನ್ನು 15 ಮಿಲಿಮೀಟರ್ ದಾಟಿರಬೇಕು, ಅದು ಸ್ಟೀವನ್‌ಸನ್‌ಗೆ ಹತ್ತಿರದ ಲೆಕ್ಕ. ಅದನ್ನು ತಪ್ಪೆಂದು ಬಗೆದು, ಮುಳ್ಳಿರುವ ಕಾರ್ಟ್ರಿಜ್ಜನ್ನು ಎರಡು ಮಿಲಿಮೀಟರಿಗಿಂತ ಹೆಚ್ಚು ಮುಂದೆ ಜರುಗಿಸುವವರಿದ್ದಾರೆ. ಖಯಾಲು ಕೇಳುವವರು ಆ ಗೋಜಿಗೆ ಹೋಗಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹೆಸರಿನಲ್ಲೇ ನಮ್ಮ ಹಾನಗಲ್ಲನ್ನು ಹೊತ್ತ ಖಯಾಲು ಗಾಯಕಿ ಗಂಗೂಬಾಯಿಯವರ ಎಲ್‌ಪಿಗಳೇ ಇದಕ್ಕೆ ಒರೆಗಲ್ಲು. ಕೋನ ತಪ್ಪಿದಾಗ ಹುಟ್ಟುವ ವಿಕೃತಿ ಹೆಚ್ಚಾಗಿ ಮೂಲ ಸ್ವರದ ಒಂದು ಸ್ಥಾಯಿ ಮೇಲಿನ ನೆರಳು. ತೆಳುವಾದ ಕಂಠದಲ್ಲಿ ಅದು ಹೊಳಪಿನಂತೆ ಕೇಳಿಸಿ ಪಾರಾಗಬಹುದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದ ಆ ಘನವಾದ ದನಿಯಲ್ಲಿ ಅದು ಕರಕಲಾಗಿ ಏಳುತ್ತದೆ, ಹಾಡಿದವರೇ ದಣಿದರೇನೋ ಅನ್ನಿಸುತ್ತದೆ. ದಣಿದದ್ದು ಅವರಲ್ಲ. ಮುಳ್ಳನ್ನು ಒಳಗೆರೆಗೆ ಹೊಂದಿಸಿದ ಮೇಲೆ ಕಡೆಯ ತಾನು ಇಡಿಯಾಗಿ ಸಮಕ್ಕೆ ಬಂದು ಇಳಿಯುತ್ತದೆ. ಆರಂಭದ ವಿಲಂಬಿತದಲ್ಲಿ ತುಸು ಒರಟು ಉಳಿಯುವುದು ನಿಜ, ಕಿವಿಗೊಟ್ಟರೆ ಗೊತ್ತಾಗುತ್ತದೆ. ನಾನು ಅದನ್ನು ಒಪ್ಪಿಕೊಂಡಿದ್ದೇನೆ.

ಕೋನವನ್ನು ದೂರುವ ಮುನ್ನ ಮುಳ್ಳಿನ ತುದಿ ನೋಡಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ದಿನಗಳ ಧೂಳು ಗೆರೆಗೂ ಇಳಿಯುತ್ತದೆ. ಪ್ಲೇಟಿನ ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಮುಳ್ಳಿಗೆ ಉಂಡೆ ಕಟ್ಟಿ, ವಿಕೃತಿಯಂತೆಯೇ ಕೇಳಿಸುತ್ತದೆ. ಇನ್ನು, ಭಾರದ ಸೆರಾಮಿಕ್ ಕಾರ್ಟ್ರಿಜ್ಜಿನ ಹಳೆಯ ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಓಡಿದ ಪ್ಲೇಟುಗಳ ಒಳಗೆರೆ ತೋಳು ಹೊಂದಿಸುವ ಮೊದಲೇ ಸವೆದಿರುತ್ತದೆ. ಅಂಥ ಪ್ಲೇಟಿನಲ್ಲಿ ದ್ರುತ ಶುರುವಾಗುವ ಹೊತ್ತಿಗೆ ನಾನು ತೋಳನ್ನು ಎತ್ತಿಬಿಡುತ್ತೇನೆ.