ರಂಗರಾಯರ ಮೂರು ಬತ್ತಿ

ಎನ್. ರಂಗರಾಯರನ್ನು (1912–1980) ನಾವು ನೆನೆಯುವುದು ಉದ್ಯಮಿಯೆಂದು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ, 1948ರಲ್ಲಿ ಮೈಸೂರಿನಲ್ಲಿ ತೆರೆದ ಸಣ್ಣ ಅಗರಬತ್ತಿ ಕಂಪನಿ, ಯಾವ ಭಾಷೆಯವರ ಬಾಯಲ್ಲೂ ನಿಲ್ಲುವ ‘ಸೈಕಲ್’ ಎಂಬ ಹೆಸರು, ಮಕ್ಕಳು ಮೊಮ್ಮಕ್ಕಳು ಬೆಳೆಸಿದ ದೊಡ್ಡ ಸಂಸ್ಥೆ: ಇಷ್ಟಕ್ಕೆ ಕಥೆ ಮುಗಿಯುತ್ತದೆ. ಸುಗಂಧಶಾಸ್ತ್ರದ ಯಾವ ಶಾಲೆಗೂ ಹೋಗದೆ, ಓದಿ, ಮೂಗನ್ನು ಪಳಗಿಸಿಕೊಂಡು, ತಮ್ಮ ಬತ್ತಿಗಳ ಪರಿಮಳವನ್ನು ಅವರೇ ಹೊಂದಿಸುತ್ತಿದ್ದರು ಎಂಬ ಸಂಗತಿ ಇದರಲ್ಲಿ ಒಂದು ಸಾಲಾಗಿ ಬಂದು ಹೋಗುತ್ತದೆ, ಅದೂ ಅವರ ಛಲಕ್ಕೆ ಉದಾಹರಣೆಯಾಗಿ. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ರಂಗರಾಯರು ಮೊದಲು ಸುಗಂಧಕಾರರು, ಆಮೇಲೆ ವ್ಯಾಪಾರಿ. ಸೈಕಲ್ ಬತ್ತಿಗಳ ‘ತ್ರೀ ಇನ್ ಒನ್’ ಪೊಟ್ಟಣವನ್ನು ಅವರ ಮನೆತನದ ಮುಖ್ಯ ಕೃತಿಯೆಂದು ಎತ್ತಿಕೊಂಡು ತೂಗಬೇಕು. ತೂಗಿದರೆ ಅದು ನಿಲ್ಲುತ್ತದೆ.

ಮೈಸೂರಿನ ಪರಿಮಳದ ಚರಿತ್ರೆ ಓದುಗರಿಗೆ ಗೊತ್ತಿರುವುದೇ. 1916ರ ಗಂಧದೆಣ್ಣೆ ಕಾರ್ಖಾನೆ, ಅದರ ಬೆನ್ನಿಗೆ ಬಂದ ಸ್ಯಾಂಡಲ್ ಸೋಪು, ಈಚೆಗೆ ಮೈಸೂರು ಅಗರಬತ್ತಿಗೆ ಸಿಕ್ಕ ಭೌಗೋಳಿಕ ಗುರುತು. ಈ ಚರಿತ್ರೆ ಶ್ರೀಗಂಧಕ್ಕೆ ಎಷ್ಟು ಜೋತುಬಿದ್ದಿದೆಯೆಂದರೆ, ಗಂಧದ ಮರವನ್ನು ನೆಚ್ಚದೆ ನಿಂತ ಪರಿಮಳಕ್ಕೆ ಅದರಲ್ಲಿ ಜಾಗವಿಲ್ಲ. ನಮ್ಮ ಬೀದರ್ ಸೀಮೆಯ ಪೂರ್ವಗ್ರಹ ಬೇರೆ. ಬಹಮನಿ ಸುಲ್ತಾನರ, ನಿಜಾಮರ ನೆನಪು ಉಳಿದ ಈ ಕಡೆ ಸುಗಂಧವೆಂದರೆ ಅತ್ತರು. ಮೈಗೆ ಹಚ್ಚಿಕೊಳ್ಳುವುದು ಕಲೆ, ದೇವರ ಮುಂದೆ ಉರಿಸುವುದು ಬರೀ ಪೂಜೆಯ ಸಾಮಾನು. ಬಸವಕಲ್ಯಾಣದ ದರ್ಗಾದ ಲೋಬಾನ, ಹುಮನಾಬಾದಿನ ವೀರಭದ್ರನ ಗುಡಿಯ ಧೂಪ, ಮನೆಯಲ್ಲಿ ಇಷ್ಟಲಿಂಗದ ಮುಂದಿನ ಊದಿನಕಡ್ಡಿ ಎಲ್ಲವೂ ಹೊಗೆಯೇ. ಆದರೆ ಆ ಹೊಗೆಗೂ ಒಬ್ಬ ಕರ್ತೃ ಇದ್ದಾನು ಎಂದು ಯಾರೂ ಕೇಳಿದ್ದಿಲ್ಲ.

ಕೇಳಬೇಕಾದ ಕಾರಣ ಉರಿಯುವ ಕ್ರಿಯೆಯಲ್ಲೇ ಇದೆ. ಮೈಗೆ ಹಚ್ಚಿದ ಸುಗಂಧ ಹೊತ್ತು ಕಳೆದಂತೆ ಬದಲಾಗುತ್ತದೆ. ನಿಂಬೆ, ಕಿತ್ತಳೆಯಂಥ ಹಗುರ ಅಂಶ ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತದೆ, ಆಮೇಲೆ ಹೂವು ಬರುತ್ತದೆ, ಕೊನೆಗೆ ಮರ, ಕಸ್ತೂರಿ, ಅಂಟುಗಳ ಭಾರದ ವಾಸನೆ ತಾಸುಗಟ್ಟಲೆ ಉಳಿಯುತ್ತದೆ. ಪಶ್ಚಿಮದ ಸುಗಂಧಕಲೆಯ ವ್ಯಾಕರಣವೆಲ್ಲ ಈ ಮೂರು ಹಂತದ ಮೇಲೆ ನಿಂತಿದೆ. ಬತ್ತಿಯಲ್ಲಿ ಈ ಹಂತಗಳೇ ಇಲ್ಲ. ಕೆಂಡ ನೂರಾರು ಡಿಗ್ರಿಯಲ್ಲಿ ಕಾಯುತ್ತದೆ. ಅದರ ಬೆನ್ನಿಗಿರುವ ಎಳ್ಳಿನಷ್ಟು ಜಾಗದಲ್ಲಿ ಎಣ್ಣೆ ಉರಿಯುವ ಮೊದಲೇ ಆವಿಯಾಗಿ ಹೊಗೆ ಸೇರುತ್ತದೆ. ಹಗುರದ್ದೂ ಭಾರದ್ದೂ ಅಲ್ಲಿ ಒಟ್ಟಿಗೇ ಹೊರಡುತ್ತವೆ. ಹಚ್ಚಿದ ಮೊದಲ ನಿಮಿಷದಲ್ಲಿ ಏನಿತ್ತೋ ಬೂದಿಯಾಗುವ ಕೊನೆಯ ನಿಮಿಷದಲ್ಲೂ ಹೆಚ್ಚುಕಡಿಮೆ ಅದೇ. ಅತ್ತರು ಆಲಾಪನೆಯಾದರೆ ಬತ್ತಿ ತಂಬೂರಿ: ಒಂದೇ ಶ್ರುತಿ, ಎಳೆದಷ್ಟೂ ಅದೇ. ಹಾಗಾಗಿ ಬತ್ತಿಗೆ ಪರಿಮಳ ಹೊಂದಿಸುವವನು ಕಾಲದ ಆಸರೆಯಿಲ್ಲದೆ ಕೆಲಸ ಮಾಡಬೇಕು. ಮೇಲಾಗಿ ಇದ್ದಿಲಪುಡಿ, ಮರದಪುಡಿ, ಜಿಗಟಿನ ತೊಗಟೆ, ಬಿದಿರುಕಡ್ಡಿ ಇವೆಲ್ಲ ಉರಿದಾಗ ಅವುಗಳದೇ ಕಮಟು ಎದ್ದೇಳುತ್ತದೆ. ಅದನ್ನು ಮುಚ್ಚಬೇಕು, ಇಲ್ಲವೆ ಒಳಗೆ ಸೇರಿಸಿಕೊಳ್ಳಬೇಕು. ಇನ್ನೂ ಒಂದು ಕಷ್ಟವಿದೆ. ಕೊಳ್ಳುವವರು ಅಂಗಡಿಯಲ್ಲಿ ಪೊಟ್ಟಣವನ್ನು ಮೂಗಿಗೆ ಹಿಡಿದು ನೋಡುತ್ತಾರೆ. ಅಲ್ಲಿ ಬರುವುದು ತಣ್ಣನೆಯ ವಾಸನೆ, ಮನೆಯಲ್ಲಿ ಬರುವುದು ಹೊಗೆಯ ವಾಸನೆ. ಒಂದೇ ಮಿಶ್ರಣ ಈ ಎರಡೂ ಪರೀಕ್ಷೆಯಲ್ಲಿ ಪಾಸಾಗಬೇಕು, ಅದೂ ದುಬಲಗುಂಡಿಯಂಥ ಊರಿನ ಕಿರಾಣಿ ಅಂಗಡಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು ಕುಡಿದು ಕೂತ ಮೇಲೆ.

‘ತ್ರೀ ಇನ್ ಒನ್’ ಈ ಕಷ್ಟಕ್ಕೆ ಕೊಟ್ಟ ಉತ್ತರ ಎಂಬುದು ನನ್ನ ವಾದ. ಲಿಲಿ, ಫ್ಯಾನ್ಸಿ, ಇಂಟಿಮೇಟ್ ಎಂಬ ಮೂರು ಪರಿಮಳ ಒಂದೇ ಪೊಟ್ಟಣದಲ್ಲಿ. ಒಂದು ಬತ್ತಿಯೊಳಗೆ ಪರಿಮಳ ಬದಲಾಗದು ಎಂದಾದರೆ ಬದಲಾವಣೆಯನ್ನು ಬತ್ತಿಯಿಂದ ಬತ್ತಿಗೆ ಸಾಗಿಸಬಹುದು. ಬೆಳಿಗ್ಗೆ ಒಂದು, ಸಂಜೆಗೆ ಇನ್ನೊಂದು. ಅಥವಾ ಮೂರನ್ನೂ ಒಟ್ಟಿಗೇ ಹಚ್ಚಿ ಕೋಣೆಯ ಗಾಳಿಯಲ್ಲೇ ಮಿಶ್ರಣ ಮಾಡಬಹುದು. ಹಾಗೆ ಹಚ್ಚಿದಾಗ ಮೂರೂ ಒಂದನ್ನೊಂದು ಕೆಡಿಸದೆ ಉಳಿಯುತ್ತವೆ ಎಂಬುದೇ ಇವು ಒಂದೇ ಮೂಗಿನಡಿ ಹೊಂದಿಕೆಯಾದವು ಎನ್ನುವುದಕ್ಕೆ ಸಾಕ್ಷಿ. ಬೇರೆಬೇರೆ ಕಂಪನಿಗಳ ಮೂರು ಬತ್ತಿ ತಂದು ಹಚ್ಚಿ ನೋಡಲಿ, ಗಾಳಿ ರಾಡಿಯಾಗುತ್ತದೆ. ಪೊಟ್ಟಣದೊಳಗೂ ಇದೇ ನಡೆಯುತ್ತದೆ: ಪಕ್ಕಪಕ್ಕ ಕೂತ ಬತ್ತಿಗಳು ಒಂದರ ವಾಸನೆ ಇನ್ನೊಂದಕ್ಕೆ ಕೊಡುತ್ತವೆ. ಅಂಗಡಿಯಲ್ಲಿ ಮೂಗಿಗೆ ಬರುವುದು ಆ ನಾಲ್ಕನೆಯ ಪರಿಮಳ. ಅದನ್ನೂ ಲೆಕ್ಕಕ್ಕೆ ಹಿಡಿಯದೆ ಇಂಥ ಪೊಟ್ಟಣ ಮಾಡಲಾಗದು.

ಇದು ಮಾರಾಟದ ಉಪಾಯ ಅಷ್ಟೇ, ಒಂದರ ಬೆಲೆಗೆ ಮೂರು ಎಂಬ ಆಸೆ ಹುಟ್ಟಿಸುವುದು ಎಂದು ಆಕ್ಷೇಪ ಬರುತ್ತದೆ. ಮಾರಾಟದ ಉಪಾಯವೂ ಹೌದು; ನಾಟಕ ಕಂಪನಿಗಳ ರಂಗಗೀತೆಗಳೂ ಟಿಕೆಟ್ ಮಾರುವುದಕ್ಕೇ ಹುಟ್ಟಿದವು, ಅವುಗಳ ಸಂಗೀತವನ್ನು ನಾವು ಆ ಕಾರಣಕ್ಕೆ ತಳ್ಳಿಹಾಕಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಹಟದ್ದು: ಇವು ರಾಸಾಯನಿಕ, ನಿಜವಾದ ಹೂವಿನವಲ್ಲ. ಹೀಗನ್ನುವವರು ಒಂದನ್ನು ಗಮನಿಸಬೇಕು. ಕಣಿವೆಲಿಲಿಯ (ಲಿಲಿ ಆಫ್ ದ ವ್ಯಾಲಿ) ಹೂವಿನಿಂದ ಬಳಕೆಗೆ ಬರುವ ಎಣ್ಣೆಯೇ ಸಿಗದು. ಫ್ರೆಂಚ್ ಸುಗಂಧಕಾರ ಎಡ್ಮಂಡ್ ರುಡ್ನಿಟ್ಸ್ಕಾ 1956ರಲ್ಲಿ ಮಾಡಿದ ‘ದಿಯೊರಿಸ್ಸಿಮೊ’ ಎಂಬ ಸುಗಂಧದಲ್ಲಿ ಆ ಹೂವಿನ ಪರಿಮಳವನ್ನು ಬೇರೆ ವಸ್ತುಗಳಿಂದ ಕಟ್ಟಲಾಗಿತ್ತು. ಆ ಕಟ್ಟಾಣಿಕೆಯನ್ನೇ ಜಗತ್ತು ಶ್ರೇಷ್ಠ ಕೃತಿಯೆಂದು ಹೊಗಳಿತು. ಸೀಸೆಯಲ್ಲಿದ್ದರೆ ಕಲೆ, ಬಿದಿರುಕಡ್ಡಿಯ ಮೇಲಿದ್ದರೆ ಕಲಬೆರಕೆ ಎನ್ನುವುದು ವಿಮರ್ಶೆಯಲ್ಲ, ಅಂತಸ್ತಿನ ವಿಚಾರ.

ಇದಕ್ಕಿಂತ ನನಗೆ ಸಿಟ್ಟು ಬರುವುದು ನಾಗಚಂಪಾದ ಭಕ್ತರ ಮೇಲೆ. 1964ರಲ್ಲಿ ಶುರುವಾದ ಶ್ರೀನಿವಾಸ ಸುಗಂಧಾಲಯದ ನಾಗಚಂಪಾ ಬತ್ತಿಯ ನೀಲಿ ಪೊಟ್ಟಣ ಹೊರದೇಶಗಳಲ್ಲಿ ಭಾರತದ ಪ್ರಾಚೀನ ಆಶ್ರಮಗಳ ವಾಸನೆಯೆಂದೇ ಹೆಸರಾಯಿತು. ಅಲ್ಲಿನ ರಸಿಕರು ಹಾಲುಮಡ್ಡಿ ಎಂಬ ಮರದಂಟು ಹಾಕಿದ ಮಸಾಲೆ ಬತ್ತಿಯೊಂದೇ ಕಸುಬು, ಸುಗಂಧದಲ್ಲಿ ಅದ್ದಿದ ಬತ್ತಿ ಕಳಪೆ ಎಂದು ತೀರ್ಪು ಕೊಟ್ಟರು. ಈಗ ನಮ್ಮವರೂ ಅದನ್ನೇ ಒಪ್ಪಿಸುತ್ತಿದ್ದಾರೆ. ಹಾಲುಮಡ್ಡಿ ಒಳ್ಳೆಯ ವಸ್ತು, ಸಂಶಯವಿಲ್ಲ. ಗಾಳಿಯ ತೇವ ಹೀರಿ ಬತ್ತಿಯನ್ನು ಮೆತ್ತಗಿಡುತ್ತದೆ, ನಿಧಾನ ಉರಿಸುತ್ತದೆ, ತನ್ನದೇ ಸಿಹಿ ಕೊಡುತ್ತದೆ. ಆದರೆ ಹಾಗಾದಾಗ ಅರ್ಧ ಕೆಲಸ ಮರದ ಅಂಟಿನದು. ಅದ್ದಿದ ಬತ್ತಿಯಲ್ಲಿ ಆ ಆಸರೆಯಿಲ್ಲ. ಕಚ್ಚಾ ಬತ್ತಿ ಯಾರು ಹೊಸೆದರೂ ಒಂದೇ, ಅದರ ಗುಣವೆಲ್ಲ ಸುಗಂಧಕಾರನ ಮಿಶ್ರಣದಲ್ಲಿದೆ. ಮಿಶ್ರಣ ಸೋತರೆ ಬತ್ತಿ ಸೋತಂತೆ. ಕೈಕಸುಬನ್ನು ಗೌರವಿಸುವ ನೆಪದಲ್ಲಿ ಮೂಗಿನ ಕಸುಬನ್ನು ಕೀಳು ಮಾಡುವ ಈ ತೀರ್ಪು ತಲೆಕೆಳಗಾದದ್ದು. ಅದ್ದಿದ ಬತ್ತಿಗಳಲ್ಲಿ ಕೆಟ್ಟವು ರಾಶಿರಾಶಿ ಇವೆ ಎಂಬುದು ನಿಜ. ಆದರೆ ಕೆಟ್ಟ ಕವಿತೆಗಳು ಹೆಚ್ಚಿವೆಯೆಂದು ಛಂದಸ್ಸನ್ನು ದೂರುವವರಿಲ್ಲ.

ಮನೆತನದ ತಪ್ಪೂ ಇದೆ. ಜಾಹೀರಾತುಗಳು ದಶಕಗಳಿಂದ ಪ್ರಾರ್ಥನೆಯನ್ನೇ ಮುಂದೆ ಮಾಡಿವೆ. ಅಮಿತಾಭ್ ಬಚ್ಚನ್ ಬಂದು ಹೇಳಿದ್ದೂ ಅದನ್ನೇ. ಭಕ್ತಿಯ ಸಾಮಾನು ಎಂದು ಒಮ್ಮೆ ಒಪ್ಪಿಕೊಂಡ ವಸ್ತುವಿನ ಪರಿಮಳವನ್ನು ಯಾರೂ ತರ್ಕಕ್ಕೆ ಎಳೆಯುವುದಿಲ್ಲ. ದೇವರಿಗೆ ಸಲ್ಲಿಸಿದ ಮೇಲೆ ಚೆನ್ನಾಗಿದೆಯೇ ಎಂದು ಕೇಳುವುದೇ ಅಪಚಾರವಾಗಿಬಿಡುತ್ತದೆ. ಮೂರರಲ್ಲಿ ಒಂದಕ್ಕೂ ದೇವರ ಹೆಸರಿಡದ ಪೊಟ್ಟಣಕ್ಕೆ ಇದು ಹೊಂದುವ ಮಾತೂ ಅಲ್ಲ. ಎನ್. ರಂಗರಾವ್ ಅಂಡ್ ಸನ್ಸ್ ಎಂದು ಸಂಸ್ಥಾಪಕರ ಹೆಸರು ಸಂಸ್ಥೆಗೇ ಇದೆ, ಆದರೆ ಅದು ಯಜಮಾನನ ಹೆಸರಾಗಿ ಇದೆ, ಪರಿಮಳದ ಕರ್ತೃವಿನ ಹೆಸರಾಗಿ ಅಲ್ಲ. ಪುಸ್ತಕಕ್ಕೆ ಪ್ರಕಾಶಕನ ಹೆಸರು ಮಾತ್ರ ಹಾಕಿ ಮಾರಿದರೆ ನಾವು ಸುಮ್ಮನಿರುತ್ತಿರಲಿಲ್ಲ. ಪ್ರತಿ ಪರಿಮಳವನ್ನು ಹೊಂದಿಸಿದವರು ಯಾರು, ಯಾವ ವರ್ಷ, ಆಮೇಲೆ ಎಷ್ಟು ಬದಲಾಯಿತು ಎಂಬುದನ್ನು ಸಂಸ್ಥೆ ಪೊಟ್ಟಣದ ಮೇಲೆಯೇ ಅಚ್ಚು ಹಾಕಬೇಕು. 1980ಕ್ಕೆ ಮುಂಚಿನ ಯಾವ ಮಿಶ್ರಣ ಇಂದಿಗೂ ಅದೇ ರೂಪದಲ್ಲಿ ಉರಿಯುತ್ತಿದೆ ಎಂದು ಅದರಿಂದ ತಿಳಿದರೆ, ರಂಗರಾಯರದು ಯಾವುದು, ಮಕ್ಕಳದು ಯಾವುದು ಎಂದು ಬೇರೆಬೇರೆಯಾಗಿ ತೂಗಲು ಸಾಧ್ಯವಾಗುತ್ತದೆ.