ಬಿಸುವಿನ ಪಾದಯಾತ್ರೆಗೆ ಒಂದು ದಿನ ಹೆಚ್ಚಿಗೆ ಇಡಿ

ಶಿವರಾತ್ರಿಗೆ ರಜೆ ಸಿಗದವರು, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಕಾದವರು ಏಪ್ರಿಲಿನಲ್ಲಿ, ಧರ್ಮಸ್ಥಳದ ವಿಷು (ಬಿಸು) ಜಾತ್ರೆಯ ಹೊತ್ತಿಗೆ ಮಂಗಳೂರಿನಿಂದ ನಡೆದು ಹೊರಡುವುದುಂಟು. ಮಾರ್ಚ್ ಮುಗಿಯುತ್ತ ಬಂದ ಹಾಗೆ ಇವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ನಾವು ಹೋಗುವಾಗ ಮಳೆ ಉಂಟಾ?" ಕೇಳುವಾಗಲೇ ಮೊಬೈಲು ಮುಂದೆ ಹಿಡಿದಿರುತ್ತಾರೆ. ಹದಿನೈದು ದಿನ ಆಚೆಯ ತಾರೀಕಿಗೆ ಒಂದು ಮೋಡದ ಚಿತ್ರ, ಎರಡು ಹನಿ, ಕೆಳಗೆ ಶೇ 40 ಎಂಬ ಅಂಕಿ.

ಏಪ್ರಿಲಿನ ಮಳೆ ಯಾವ ದಿನ ಬರುತ್ತದೆ ಎಂದು ಹದಿನೈದು ದಿನ ಮೊದಲೇ ಯಾರೂ ಹೇಳಲಾರರು. ಬಂದರೆ ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ಮಾತ್ರ ಈಗಲೇ ಹೇಳಬಹುದು. ಪಾದಯಾತ್ರೆಯ ತಯಾರಿಯನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳಬೇಕು ಎಂಬುದು ನಾನು ಕೊಡುವ ಉತ್ತರ.

ಮುಂಗಾರಿನಲ್ಲೇ ಬೆಳೆದ ನಮಗೆ ಮಳೆಯೆಂದರೆ ಕಡಲಿನಿಂದ ಬರುವಂಥದ್ದು. ಪಡುದಿಕ್ಕು ಕಪ್ಪಾದರೆ ಸ್ವಲ್ಪ ಹೊತ್ತಿಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಕೊಡೆಗಳು ಬಿಚ್ಚಿಕೊಳ್ಳುತ್ತವೆ. ಬಿಸುವಿನ ಕಾಲದ ಮಳೆ ಹೆಚ್ಚಾಗಿ ಮೂಡುದಿಕ್ಕಿನದು. ಬೆಳಗ್ಗಿನಿಂದ ನೆಲ ಕಾಯುತ್ತದೆ, ಮಧ್ಯಾಹ್ನಕ್ಕೆ ಕಡಲ ಗಾಳಿ ತೇವವನ್ನು ಒಳನಾಡಿಗೆ ಹೊತ್ತು ಹೋಗುತ್ತದೆ, ಘಟ್ಟಕ್ಕೆ ತಾಗಿ ಮೇಲೇರಿದ ಆ ಗಾಳಿ ತಣಿದು ಮೋಡ ಕಟ್ಟುತ್ತದೆ. ಎರಡು, ಮೂರು ಗಂಟೆಗೆ ಚಾರ್ಮಾಡಿ, ಕುದುರೆಮುಖದ ನೆತ್ತಿಯ ಮೇಲೆ ಹೂಕೋಸಿನ ಹಾಗೆ ಬೆಳ್ಳಗೆ ಉಬ್ಬಿ ನಿಲ್ಲುವುದು ಅದೇ ಮೋಡ. ಅದರ ತುದಿ ಚಪ್ಪಟೆಯಾಗಿ ಒಂದು ಬದಿಗೆ ಹರಡಿತೆಂದರೆ ಒಳಗೆ ಗುಡುಗು ತಯಾರಾಗಿದೆ. ಎತ್ತರದ ಗಾಳಿ ಮೂಡಣದಿಂದ ಬೀಸುವ ದಿನ ಈ ಮೋಡಗಳು ಸಂಜೆಗೆ ಬೆಳ್ತಂಗಡಿ, ಬಂಟ್ವಾಳ ದಾಟಿ ಕಡಲಿನ ಕಡೆಗೆ ಬರುತ್ತವೆ. ಇಲ್ಲವಾದರೆ ಘಟ್ಟದ ಬುಡದಲ್ಲೇ ಸುರಿದು ಮುಗಿಯುತ್ತವೆ. ಸುಳ್ಯ, ಬೆಳ್ತಂಗಡಿಯ ತೋಟಗಳು ನೆನೆದು ಎಷ್ಟೋ ದಿನಗಳಾದರೂ ಮಂಗಳೂರಿನ ಅಂಗಳ ಒಣಗಿಯೇ ಇರುವುದು ಇದರಿಂದ. ಮಂಗಳೂರಿನ ಕದ್ರಿಯಲ್ಲಿ ನಿಂತು ಶುಭ್ರ ಆಕಾಶ ನೋಡಿ ಹೊರಟವರು ಒಂದೊಂದು ಹೆಜ್ಜೆಗೂ ಮಳೆಯ ಊರಿಗೆ ಹತ್ತಿರವಾಗುತ್ತಾರೆ.

ಇನ್ನು ಮುನ್ಸೂಚನೆಯನ್ನು ಓದುವ ಕ್ರಮ. ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ನಮ್ಮ ಹವಾಮಾನ ಇಲಾಖೆ ಬಹುಕಾಲ ನೆಚ್ಚಿದ್ದ ಜಾಗತಿಕ ಮಾದರಿಯ ಚೌಕ 12 ಕಿ.ಮೀ. ಅಗಲದ್ದು, 2025ರ ಮೇ ತಿಂಗಳಲ್ಲಿ ಬಂದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಂ' ಅದನ್ನು 6 ಕಿ.ಮೀ.ಗೆ ಇಳಿಸಿತು. ದೊಡ್ಡ ಹೆಜ್ಜೆಯೇ ಹೌದು. ಆದರೂ ಬೇಸಿಗೆಯ ಒಂದು ಗುಡುಗು ಮೋಡ ಮಡಂತ್ಯಾರಿನಲ್ಲಿ ಸುರಿದು ಪಕ್ಕದ ಪುಂಜಾಲಕಟ್ಟೆಯನ್ನು ಒಣಗಿದ ಹಾಗೇ ಬಿಡಬಲ್ಲದು. ಎರಡಕ್ಕೂ ನಡುವೆ ಇರುವುದು ಕೆಲವೇ ಕಿ.ಮೀ. ಅಷ್ಟೆ. ಅದಕ್ಕೇ ಇಲಾಖೆಯ ಪ್ರಕಟಣೆಯಲ್ಲಿ ಜಿಲ್ಲೆಯ ಹೆಸರಿನ ಪಕ್ಕದಲ್ಲಿರುವ ಹಂಚಿಕೆಯ ಅಳತೆಯನ್ನು ಮೊದಲು ನೋಡಿ. 'ಒಂದೆರಡು ಕಡೆ' ಎಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ಶೇ 25ರವರೆಗೆ, 'ಕೆಲವು ಕಡೆ' ಎಂದರೆ ಶೇ 50ರವರೆಗೆ ಮಳೆಯಾಗಬಹುದು ಎಂಬ ಲೆಕ್ಕ. ಏಪ್ರಿಲಿನಲ್ಲಿ ಬರುವುದು ಹೆಚ್ಚಾಗಿ ಇವೆರಡೇ. ಹಳದಿ, ಕಿತ್ತಳೆ ಬಣ್ಣ ಕಂಡ ಕೂಡಲೇ ಯಾತ್ರೆ ಮುಂದೂಡುವವರಿದ್ದಾರೆ. ಬಣ್ಣ ಯಾವುದಕ್ಕೆ ಎಂದು ಓದಿ. ಭಾರೀ ಮಳೆ ಎಂದು ಇಲಾಖೆ ಕರೆಯುವುದು 24 ಗಂಟೆಯಲ್ಲಿ 64.5 ಮಿ.ಮೀ. ಆದ ಮೇಲೆ. ವಸಂತದ ಹಳದಿ ಹೆಚ್ಚಿನ ಸಲ ಗುಡುಗು, ಸಿಡಿಲು, ಬಿರುಗಾಳಿಗೆ ಕೊಟ್ಟದ್ದಾಗಿರುತ್ತದೆ. ಮತ್ತೊಂದು ಸಂಗತಿ, ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. 14ರ ಮಳೆ ಎಂದರೆ 15ರ ನಸುಕೂ ಅದರಲ್ಲಿ ಸೇರಿತು.

ನಾನು ನೋಡುವ ಕ್ರಮ ಹೀಗೆ. ಎರಡು ವಾರ ಮೊದಲು, ಗುರುವಾರ ಗುರುವಾರ ಇಲಾಖೆ ಹೊರಡಿಸುವ ನಾಲ್ಕು ವಾರಗಳ ವಿಸ್ತೃತ ಮುನ್ಸೂಚನೆ. ಆ ವಾರ ವಾಡಿಕೆಗಿಂತ ಹೆಚ್ಚು ಮಳೆಯದೋ ಕಡಿಮೆಯದೋ ಎಂಬಷ್ಟು ಗೊತ್ತಾದರೆ ಸಾಕು. ಐದು ದಿನ ಇರುವಾಗ ಬೆಂಗಳೂರಿನ ಹವಾಮಾನ ಕೇಂದ್ರದ ಜಿಲ್ಲಾವಾರು ಪ್ರಕಟಣೆ. ಒಳನಾಡಿನ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಒತ್ತಡದ ತಗ್ಗು ಹಾದುಹೋಗಿದೆ ಎಂಬ ಸಾಲು ಅದರಲ್ಲಿದ್ದರೆ ಸಂಜೆಯ ಮಳೆಯ ಸಾಧ್ಯತೆ ಬಲವಾಯಿತು. ಹೊರಡುವ ಹಿಂದಿನ ಮೂರು ದಿನ ಮುಂದಿನದ್ದಕ್ಕಿಂತ ಹಿಂದಿನದ್ದನ್ನು ಹೆಚ್ಚು ನೋಡುತ್ತೇನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಬೆಳ್ತಂಗಡಿ ತಾಲೂಕಿನಲ್ಲಿ ಸತತ ಎರಡು ಸಂಜೆ ಮಳೆ ಬಿದ್ದಿದ್ದರೆ ಮೂರನೆಯ ಸಂಜೆಗೂ ಅದೇ ಸರಕು ಆಕಾಶದಲ್ಲಿ ಉಳಿದಿರುತ್ತದೆ. ನಡೆಯುವ ದಿನ ಮೂರು ಗಂಟೆಯ ತತ್‌ಕ್ಷಣದ ಮುನ್ಸೂಚನೆ, ಉಪಗ್ರಹ ಚಿತ್ರ, ಮತ್ತು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ 'ದಾಮಿನಿ' ಆ್ಯಪ್. ನಿಂತ ಜಾಗದ ಸುತ್ತ 20 ಮತ್ತು 40 ಕಿ.ಮೀ. ವ್ಯಾಪ್ತಿಯಲ್ಲಿ ಎಲ್ಲಿ ಸಿಡಿಲು ಬಡಿಯುತ್ತಿದೆ ಎಂದು ಅದು ತೋರಿಸುತ್ತದೆ. ಪಾದಯಾತ್ರಿಯ ಕೈಯಲ್ಲಿ ಇರಲೇಬೇಕಾದದ್ದು ಅದು.

ದಾರಿಯುದ್ದಕ್ಕೂ ಇನ್ನೊಂದು ಪ್ರಕಟಣೆ ಸಿಗುತ್ತದೆ. ಬಂಟ್ವಾಳ ದಾಟಿದ ಮೇಲೆ ಮನೆಯಂಗಳಗಳಲ್ಲಿ ಇನ್ನೂ ಅಡಿಕೆ ಒಣಗುತ್ತಿರುತ್ತದೆ. ನಲವತ್ತು ದಿನ ಬಿಸಿಲು ತಿಂದ ಅಡಿಕೆ ಒಂದು ಮಳೆಗೆ ಕಪ್ಪಾಗಿ ಹಾಳಾದೀತು ಎಂಬ ಆತಂಕ ಆ ಮನೆಯವರಿಗೆ. ಮಧ್ಯಾಹ್ನ ಎರಡು ಗಂಟೆಗೆ ಅಜ್ಜಿಯೊಬ್ಬರು ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡಿಕೆಯನ್ನು ಗುಡಿಸಿ ರಾಶಿ ಮಾಡಿ ಟಾರ್ಪಾಲು ಎಳೆಯುತ್ತಿದ್ದರೆ ಮೊಬೈಲು ಏನೇ ಹೇಳಲಿ, ನೀವು ಸೂರು ಹುಡುಕಿಕೊಳ್ಳಿ. ಆ ಅಂಗಳದಲ್ಲಿ ನಿಂತರೆ ಬೆಲ್ಲ, ನೀರು ಸಿಗುತ್ತದೆ, ಘಟ್ಟದ ಕಡೆಯ ಸುದ್ದಿಯೂ ಸಿಗುತ್ತದೆ. ವಿಷುವಿಗೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿ ಬದುಕೀತು ಎನ್ನುವವರು, ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎನ್ನುವವರು ಇವರೇ. ಕೋಲ, ನೇಮ, ಯಕ್ಷಗಾನದ ತಿರುಗಾಟ ಎಲ್ಲವೂ ಮೇ 24ರ ಆಸುಪಾಸಿನ ಪತ್ತನಾಜೆಗೆ ಮುಗಿಯುವ ಕ್ರಮವನ್ನು ಇಟ್ಟವರು ಆಕಾಶವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪಾದಯಾತ್ರೆಗೂ ಅದೇ ಗಡಿ ಸರಿ. ಕಳೆದ ಕೆಲವು ವರ್ಷಗಳಲ್ಲಿ ಅದೂ ಅಲುಗಾಡುತ್ತಿದೆ: 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಯ ಜೂನ್ 1ಕ್ಕಿಂತ ಎಂಟು ದಿನ ಮೊದಲು.

ಕಾಲ ನೋಡಿ ನಡೆಯುವುದರಲ್ಲಿ ನಮ್ಮ ಊರಿಗೆ ದೊಡ್ಡ ಮಾದರಿಯೊಂದಿದೆ. ನಾಶಿಕದ ಕುಂಭಮೇಳದ ಬೆನ್ನಿಗೆ, ಹನ್ನೆರಡು ವರ್ಷಕ್ಕೊಮ್ಮೆ ನಾಥಪಂಥದ ಯೋಗಿಗಳ ಝುಂಡಿ ತ್ರ್ಯಂಬಕೇಶ್ವರದಿಂದ ಕದ್ರಿಯ ಜೋಗಿಮಠಕ್ಕೆ ನಡೆದು ಬರುತ್ತದೆ. ನಾಗರ ಪಂಚಮಿಯ ಹೊತ್ತಿಗೆ, ಸಹ್ಯಾದ್ರಿಯ ಜಡಿಮಳೆಯಲ್ಲಿ ಹೊರಟು ಶಿವರಾತ್ರಿಯ ಹೊತ್ತಿಗೆ ಮಂಗಳೂರು ಸೇರುವ ಯಾತ್ರೆ ಅದು. 2016ರ ಮಾರ್ಚಿನಲ್ಲಿ ಹಾಗೆ ಬಂದಾಗಲೇ ನಿರ್ಮಲನಾಥರು ಮಠದ ಗಾದಿಗೆ ಬಂದರು. ಮಳೆ ಇಳಿಮುಖವಾಗುವ ಕಡೆಗೆ ನಡೆದು, ಸೆಕೆ ಏರುವ ಮುನ್ನ ಮುಟ್ಟುವ ಆ ವೇಳಾಪಟ್ಟಿಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ.

ಕದ್ರಿಯಿಂದ ಧರ್ಮಸ್ಥಳಕ್ಕೆ ಸುಮಾರು 75 ಕಿ.ಮೀ. ಅಲ್ಲಿನ ಮಂಜುನಾಥ ಕದ್ರಿಯಿಂದಲೇ ಹೋದವನು, ಅಣ್ಣಪ್ಪ ಲಿಂಗವನ್ನು ಕೊಂಡೊಯ್ದ ಎಂಬ ಐತಿಹ್ಯ ಇರುವುದರಿಂದ ಇಲ್ಲಿಂದ ಹೊರಡುವುದಕ್ಕೆ ಒಂದು ಅರ್ಥವೂ ಇದೆ. ಶಿವರಾತ್ರಿಯ ಕಾಲದಲ್ಲಿ ಇದನ್ನು ಎರಡು ದಿನದಲ್ಲಿ ಮುಗಿಸುವವರಿದ್ದಾರೆ. ಆಗ ದಿನಕ್ಕೆ ಎರಡು ಪಾಳಿ ಸಿಗುತ್ತದೆ: ನಸುಕಿನಿಂದ ಹತ್ತರವರೆಗೆ ಒಂದು, ಸಂಜೆ ಐದರಿಂದ ರಾತ್ರಿಯವರೆಗೆ ಇನ್ನೊಂದು. ಏಪ್ರಿಲಿನಲ್ಲಿ ಎರಡನೆಯ ಪಾಳಿಯನ್ನು ಗುಡುಗು ಕಿತ್ತುಕೊಳ್ಳುತ್ತದೆ. ಮೂರರಿಂದ ಎಂಟರ ನಡುವಿನ ಹೊತ್ತು ಅದರದ್ದು. ಹಾಗಾಗಿ ಅದೇ ದೂರಕ್ಕೆ ಮೂರು ಬೆಳಗು ಇಡಿ. ಮೊದಲ ದಿನ ಪಡೀಲು, ಅಡ್ಯಾರು, ಫರಂಗಿಪೇಟೆ, ತುಂಬೆ ದಾಟಿ ಬಿ.ಸಿ. ರೋಡ್, ಎರಡನೆಯ ದಿನ ವಗ್ಗ, ಪುಂಜಾಲಕಟ್ಟೆಯಾಗಿ ಮಡಂತ್ಯಾರು, ಮೂರನೆಯ ದಿನ ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಧರ್ಮಸ್ಥಳ. ಒಂದೊಂದೂ 25 ಕಿ.ಮೀ. ಆಸುಪಾಸು. ಮೂರೂವರೆಗೆ ಹೊರಟರೆ ಹತ್ತರೊಳಗೆ ಮುಗಿಯುತ್ತದೆ. ಕತ್ತಲಲ್ಲಿ ಹೆದ್ದಾರಿ 73ರ ಬದಿಯಲ್ಲಿ ನಡೆಯುವಾಗ ಬೆಳಕು ಪ್ರತಿಫಲಿಸುವ ಅಂಗಿ, ಟಾರ್ಚು ಇಲ್ಲದೆ ಹೊರಡಬೇಡಿ. ನಾಲ್ಕನೆಯ ದಿನವೊಂದನ್ನು ಕೈಯಲ್ಲಿ ಇಟ್ಟುಕೊಳ್ಳಿ. ದುಬಾರಿ ಬೂಟು, ಮಳೆಯಂಗಿಗೆ ಹಾಕುವ ದುಡ್ಡಿಗಿಂತ ಆ ಒಂದು ದಿನದ ರಜೆ ಹೆಚ್ಚು ಉಪಕಾರಿ.

ಸಿಡಿಲಿನ ವಿಷಯದಲ್ಲಿ ಮಾತ್ರ ನನಗೆ ಯಾವ ಸಲಿಗೆಯೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿತೆಂದರೆ ನಡಿಗೆ ನಿಲ್ಲಬೇಕು, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆದ ಮೇಲಷ್ಟೇ ಮತ್ತೆ ಹೊರಡಬೇಕು. ರಬ್ಬರ್ ತೋಟ, ಒಂಟಿ ಮಾವಿನ ಮರ, ತೆಂಗಿನ ಬುಡ, ತಗಡಿನ ಬಸ್ ತಂಗುದಾಣ ಯಾವುದೂ ಆಸರೆಯಲ್ಲ. ಶಾಲೆ, ಸಭಾಭವನ, ಕಾಂಕ್ರೀಟು ಸೂರಿನ ಮನೆ ಬೇಕು. ವಗ್ಗದ ಬಳಿ ಕಾರಿಂಜೇಶ್ವರನ ದರ್ಶನಕ್ಕೆ ತಿರುಗುವವರು ಆ ಬೋಳು ಬಂಡೆಯ ಬೆಟ್ಟವನ್ನು ಬೆಳಿಗ್ಗೆಯೇ ಹತ್ತಿ ಇಳಿದುಬಿಡಿ, ಮಧ್ಯಾಹ್ನ ಮೋಡ ಕಂಡ ಮೇಲೆ ಹತ್ತಬೇಡಿ.

ಮಳೆಗೆ ಹೆದರುವವರು ಸೆಕೆಯನ್ನು ಮರೆಯುತ್ತಾರೆ. ಮೋಡ ಕಟ್ಟಿದ ದಿನ ಬಿಸಿಲು ಇಲ್ಲವೆಂದು ಹನ್ನೊಂದರವರೆಗೂ ನಡೆಯುತ್ತಾರೆ. ಬೆವರು ಆರದ ಗಾಳಿಯಲ್ಲಿ ಮೈ ತಣಿಯುವುದಿಲ್ಲ, ಮಧ್ಯಾಹ್ನಕ್ಕೆ ತಲೆಸುತ್ತು ಬರುತ್ತದೆ. ಕರಾವಳಿಯಲ್ಲಿ 37 ಡಿಗ್ರಿ ದಾಟಿ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾದರೆ ಇಲಾಖೆ ಬಿಸಿಗಾಳಿ ಎನ್ನುತ್ತದೆ. 2025ರ ಶಿವರಾತ್ರಿ ಫೆಬ್ರವರಿ 26ಕ್ಕೆ ಬಂದಿತ್ತು, ಅದೇ ವಾರ ಕರಾವಳಿಗೆ ಆ ಎಚ್ಚರಿಕೆ ಬಂತು. ಉಪ್ಪು ಹಾಕಿದ ಗಂಜಿ ತೆಳಿ, ಮಜ್ಜಿಗೆ, ಬೊಂಡ, ಪುನರ್ಪುಳಿ ಪಾನಕ ಇವುಗಳನ್ನು ಬಾಯಾರುವ ಮೊದಲೇ ಕುಡಿಯುತ್ತ ಹೋಗಬೇಕು. ಇದೇ ಕಾರಣಕ್ಕೆ ಈ ಕಾಲದಲ್ಲಿ ಪ್ಲಾಸ್ಟಿಕ್ ರೈನ್‌ಕೋಟನ್ನು ನಾನು ಒಪ್ಪುವುದಿಲ್ಲ. ಒಳಗಿನ ಬೆವರಿಗೇ ಮೈ ತೊಯ್ದಿರುತ್ತದೆ. ಬಿಸಿಲಿಗೂ ಹನಿಗೂ ಒಂದು ಕೊಡೆ ಸಾಕು. ಗದ್ದೆಯಲ್ಲಿ ಮುಟ್ಟಾಳೆ, ಗೊರಬೆ ಹಾಕಿ ದುಡಿದವರ ಮೈಗೆ ಗಾಳಿ ಆಡುತ್ತಿತ್ತು, ಅದನ್ನು ಗಮನಿಸಬೇಕು. ಬದಲಿ ಬಟ್ಟೆ, ಮೊಬೈಲು, ಔಷಧಿ ಮಾತ್ರ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿರಲಿ. ಮೊದಲ ಮಳೆ ಬಿದ್ದ ಟಾರು ಎಣ್ಣೆ ಜಿಡ್ಡಿನಿಂದ ಜಾರುತ್ತದೆ. ಒದ್ದೆ ಕಾಲುಚೀಲ ಅರ್ಧ ಗಂಟೆಯಲ್ಲಿ ಪಾದದಲ್ಲಿ ಗುಳ್ಳೆ ಎಬ್ಬಿಸುತ್ತದೆ. ನಿಂತಲ್ಲೇ ಬಿಚ್ಚಿ, ಒರೆಸಿ, ಒಣಗಿದ್ದನ್ನು ಹಾಕಿಕೊಳ್ಳಿ. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರಿಗೆ ಮಳೆ ಉಪಕಾರಿಯೇ, ಟಾರು ತಣ್ಣಗಾಗುತ್ತದೆ. ಆದರೆ ನೆನೆದು ಮೆತ್ತಗಾದ ಅಂಗಾಲಿಗೆ ಜಲ್ಲಿ ಬೇಗ ನಾಟುತ್ತದೆ.

ಈ ಮಳೆ ಬರಲೇಬಾರದು ಎಂದು ಹರಸಿಕೊಳ್ಳುವವರನ್ನು ಕಂಡಾಗ ನನಗೆ 2019ರ ಮೇ ತಿಂಗಳು ನೆನಪಾಗುತ್ತದೆ. ವಸಂತದ ಮಳೆ ಕೈಕೊಟ್ಟು ನೇತ್ರಾವತಿ ಬತ್ತಿತು. ತುಂಬೆ ಅಣೆಕಟ್ಟೆಯ ನೀರನ್ನು ಮಂಗಳೂರಿಗೆ ಸರದಿಯ ಮೇಲೆ ಬಿಡಬೇಕಾಯಿತು. ಧರ್ಮಸ್ಥಳದಲ್ಲಿ ನೀರಿಲ್ಲ, ಪ್ರವಾಸ ಕೆಲವು ದಿನ ಮುಂದೂಡಿ ಎಂದು ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನು ಕೇಳಿಕೊಂಡರು. ಮೊದಲ ದಿನದ ನಡಿಗೆಯಲ್ಲಿ ತುಂಬೆ ದಾಟುವಾಗ ನದಿಯ ಕಡೆಗೊಮ್ಮೆ ನೋಡಿ. ನಿಮ್ಮನ್ನು ಮಡಂತ್ಯಾರಿನಲ್ಲಿ ನಿಲ್ಲಿಸುವ ಮಳೆಯ ನೀರೂ ಹೊಳೆ ಹಿಡಿದು ಇಲ್ಲಿಗೇ ಬರಬೇಕು.

ಕೊನೆಗೆ ಉಜಿರೆಯ ಮಾತು. ಕಾಲು ನೋವೋ, ಜೊತೆಯವರ ನಿಧಾನವೋ, ಮೂರನೆಯ ದಿನ ಮಧ್ಯಾಹ್ನ ದಾಟಿ ಉಜಿರೆ ಮುಟ್ಟಿದವರಿಗೆ ಇನ್ನು ಒಂಬತ್ತು ಹತ್ತು ಕಿ.ಮೀ. ಅಷ್ಟೇ ಅಲ್ಲವೇ ಎಂಬ ಆತುರ ಹುಟ್ಟುತ್ತದೆ. ಘಟ್ಟದ ಕಡೆ ಗುಡುಗು ಕೇಳುತ್ತಿದ್ದರೆ ಅಲ್ಲೇ ಉಳಿದುಕೊಳ್ಳಿ. ಮಳೆ ಸುರಿದ ಮರುದಿನ ನಸುಕಿಗೆ ಗಾಳಿ ತಂಪಾಗಿರುತ್ತದೆ. ನಾಲ್ಕಕ್ಕೆ ಹೊರಟರೆ ಕನ್ಯಾಡಿ ದಾಟಿ, ಬಿಸಿಲೇರುವ ಮೊದಲೇ ಸ್ನಾನಘಟ್ಟದಲ್ಲಿ ಮಿಂದು ಸರತಿಯಲ್ಲಿ ನಿಲ್ಲಬಹುದು.